ಇಗರ್ಜಿಯ ಹೊಸ್ತಿಲಲ್ಲಿ ಎರಡು ಜೊತೆ ಚಪ್ಪಲಿ

“ಕುಡಿಯೋಕೆ ನೀರು ಐತಾ?”

ಪುಷ್ಪಲತಾ ಬೆಚ್ಚಿ ತಿರುಗಿದಳು. ಅಲೆಗಳ ಅಷ್ಟು ಸದ್ದಿನ ನಡುವೆಯೂ ಆ ‘ಐತಾ’ ಅವಳ ಎದೆಗೇ ಬಡಿದಿತ್ತು. ತೊರೆಬಾಯಿ ಎಂಬ ಈ ಪುಟ್ಟ ಕಡಲೂರಿನಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಹಾಗೆ ಮಾತಾಡುವವರು ಇರುವುದು ಚಳ್ಳಕೆರೆ ಕಡೆ... ಅವಳು ಬಿಟ್ಟು ಓಡಿಬಂದ ಕಡೆ!

ಅವಳು ಕಡಲು ನೋಡುತ್ತ ನಿಂತಿದ್ದದ್ದು ಪಾಳುಬಿದ್ದ ಚರ್ಚಿನೊಳಗೆ, ಊರವರ ‘ಹಳೇ ಇಗರ್ಜಿ’ಯೊಳಗೆ; ಅದರ ಮುರುಕು ಕಮಾನಿನ ಕೆಳಗೆ ಅವನು ನಿಂತಿದ್ದ. ಕೈತುಂಬ ಸುಣ್ಣದ ಗಾರೆ. ಈ ಸೆಕೆಯಲ್ಲೂ ಹೆಗಲ ಮೇಲೆ ಮಡಿಸಿದ ಕರಿ ಕಂಬಳಿ!

‘ಇವನು ಅಣ್ಣ ಕಳಿಸಿದವನೇ...’

ಅವಳು ದೂರದಿಂದಲೇ ಬಾಟಲಿ ಚಾಚಿದಳು. “ತಗೊಳ್ಳಿ. ನಾನು ಇದೇ ಊರಿನವಳು. ಕುಡಿದು ಅಲ್ಲೇ ಇಟ್ಟುಬಿಡಿ.”

ಅವನು ಎತ್ತಿ ಕುಡಿದು ಬಾಯಿ ಒರೆಸಿಕೊಂಡ. “ಇದೇ ಊರಿನೋರಾ? ಹಂಗಾದ್ರೆ ಚಪ್ಪಲಿ ಯಾಕ್ರೀ ಹೊರಗೆ ಬಿಟ್ಟೀರಿ?”

ಕುಸಿದ ಗೋಡೆಯಾಚೆ ಅವಳ ಚಪ್ಪಲಿ ಇತ್ತು. ಪಕ್ಕದಲ್ಲೇ ಅವನದು. ಸೂರಿಲ್ಲದ, ಪೂಜೆ ನಿಂತ ಈ ಇಗರ್ಜಿಯೊಳಗೆ ಊರವರೆಲ್ಲ ಚಪ್ಪಲಿ ಮೆಟ್ಟಿಕೊಂಡೇ ಓಡಾಡುತ್ತಾರೆ. ದೇವರಿದ್ದ ಜಾಗಕ್ಕೆ ಹಾಗೆ ಕಾಲಿಡಲು ಆಗದಿರುವುದು ಚಳ್ಳಕೆರೆ ಕಡೆಯ ಹಟ್ಟಿಗಳಲ್ಲಿ ಬೆಳೆದವರಿಗೆ ಮಾತ್ರ.

ಅವಳು ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ಓಡಿದಳು.

ಅಣ್ಣ ಪಾಲಣ್ಣ ಅವಳನ್ನು ಒಂದು ಮಾತೂ ಕೇಳದೆ ಗಂಡು ಗೊತ್ತು ಮಾಡಿದ್ದ. “ನೀನೇನು ನೋಡೋದು? ನಾನು ನೋಡೀನಲ್ಲ!” ಎಂದಿದ್ದ. ಗಂಡಿನ ಹೆಸರು ಕೇಳುವಷ್ಟು ಹೊತ್ತೂ ಅವಳು ನಿಲ್ಲಲಿಲ್ಲ. ಇಲ್ಲಿನ ಆರೋಗ್ಯ ಕೇಂದ್ರದಲ್ಲಿ ನರ್ಸ್ ಕೆಲಸಕ್ಕೆ ಸೇರಿಕೊಂಡಳು. ವಿಳಾಸ ಗೊತ್ತಿದ್ದದ್ದು ಅವ್ವ ಜುಂಜಮ್ಮನಿಗೆ ಒಬ್ಬಳಿಗೇ. “ಎಲ್ಲಿದ್ರೂ ಎಳ್ಕೊಂಡು ಬರ್ತೀನಿ” ಎಂದು ಅಣ್ಣ ಹಟ್ಟಿಯ ಮುಂದೆ ಕೂಗಾಡಿದ್ದನಂತೆ. ಅವನಿಗೆ ಸುಳಿವು ಸಿಗಬಾರದೆಂದು ಆಮೇಲೆ ಅವಳು ಅವ್ವನಿಗೂ ಫೋನ್ ಮಾಡಿರಲಿಲ್ಲ. ಸಿಕ್ಕಿಬಿದ್ದರೆ ಕೆಲಸವೂ ಹೋಯಿತು, ಅವಳದೇ ಆದ ಈ ಬದುಕೂ ಹೋಯಿತು.

ಮರುದಿನ ಅವನು ಬೆರಳು ಕೊಯ್ದುಕೊಂಡು ಆರೋಗ್ಯ ಕೇಂದ್ರಕ್ಕೇ ಬಂದ!

“ಹೆಸರು?”

“ಮುತ್ತುರಾಜ್. ನಾಯಕನಹಟ್ಟಿ ಹತ್ರ ನಮ್ಮೂರು. ಇಗರ್ಜಿ ಗೋಡೆಗೆ ಗಾರೆ ಹಾಕೋಕೆ ಬಂದಿದೀನಿ. ಇಷ್ಟು ಸಣ್ಣ ಗಾಯಕ್ಕೆ ಇಂಜೆಕ್ಷನ್ ಬ್ಯಾಡ ರೀ...”

“ಸುಮ್ನಿರು, ಸಣ್ಣ ಸೂಜಿನೇ ಐತೆ!”

ನಾಲಿಗೆ ಕಚ್ಚಿಕೊಂಡಳು. ಅವನು ನಗಲಿಲ್ಲ. ತಲೆ ತಗ್ಗಿಸಿ ತೋಳು ಮುಂದೆ ಮಾಡಿದ. ಅವನು ನಗದೇ ಇದ್ದದ್ದೇ ಅವಳನ್ನು ಇನ್ನಷ್ಟು ಹೆದರಿಸಿತು.

ಆಮೇಲೆ ಅವನು ತಾನಾಗಿ ಹತ್ತಿರ ಬರಲಿಲ್ಲ. ಸಂಜೆ ಮಾತ್ರ ಇಗರ್ಜಿ ಗೋಡೆಯ ಮೇಲೆ ಕಂಬಳಿ ತೊಡೆಗಿಟ್ಟುಕೊಂಡು ಕೂರುತ್ತಿದ್ದ. ಕೆಲಸ ಮುಗಿಸಿ ಬರುವ ಅವಳು ಎದುರಿನ ಬಾಡಿಗೆ ಮನೆಯ ಬಾಗಿಲು ದಾಟುವವರೆಗೂ ಏಳುತ್ತಿರಲಿಲ್ಲ.

“ಆ ಮನುಷ್ಯನ್ನ ಕಂಡ್ರೆ ಹೆದರಿಕೆ ಆಗ್ತದೆ ಬಾಯಮ್ಮ” ಎಂದು ಮನೆಯೊಡತಿ ಸಿಸಿಲಿಯಾಬಾಯಿಗೆ ಹೇಳಿದಳು.

“ಎಂತ ಮಾರಾಯ್ತಿ, ಹೆದರಿಕೆಯಾದ್ರೆ ಕಿಟಕಿ ಮುಚ್ಚು. ನೀನು ದಿನಾ ತೆಗೆದೇ ನೋಡ್ತೀಯಲ್ಲ!”

ಪುಷ್ಪಲತಾಳ ಕೆನ್ನೆ ಬಿಸಿಯಾಯಿತು. ‘ಕಾವಲುಗಾರನಿಗಾಗಿ ಯಾರಾದರೂ ಕಾಯುತ್ತಾರೆಯೇ? ನನಗೇನಾಗಿದೆ?’

ಒಂದು ಸಂಜೆ ಇಗರ್ಜಿ ಗೋಡೆಯ ಆಚೆಯಿಂದ ಅವನ ದನಿ ಕೇಳಿಸಿತು. ಫೋನಿನಲ್ಲಿ ಮಾತಾಡುತ್ತಿದ್ದ.

“ಹೂಂ, ಇಲ್ಲೇ ಇದಾಳೆ... ಆರಾಮಾಗಿದಾಳೆ. ಇಲ್ಲ, ನಾನ್ಯಾರು ಅಂತ ಅವಳಿಗಿನ್ನೂ ಗೊತ್ತಿಲ್ಲ...”

ಅವಳ ಮೈಯೆಲ್ಲ ಉರಿದುಹೋಯಿತು. ಚಪ್ಪಲಿ ಕಾಲಲ್ಲೇ ಒಳಗೆ ನುಗ್ಗಿದಳು.

“ಪಾಲಣ್ಣ ನಿನ್ನ ಕಾವಲಿಗೆ ಇಟ್ಟವ್ನಾ? ಯಾವ ಬಸ್ಸಿಗೆ ಎಳ್ಕೊಂಡು ಹೋಗ್ತೀಯ, ಹೇಳು!”

ಅವನು ಅವಳ ಕಾಲನ್ನೊಮ್ಮೆ ನೋಡಿದ. ಕಂಬಳಿ ಬಿಡಿಸಿ ನೆಲಕ್ಕೆ ಹಾಸಿ ಅದರ ಮೇಲೆ ಕುಳಿತ. ಅವಳ ಹಟ್ಟಿಯಲ್ಲಿ ಜಗಳ ತೀರುವುದು ಕಂಬಳಿಯ ಮೇಲೆಯೇ. ಅಲ್ಲಿ ಕುಳಿತವರು ಸುಳ್ಳಾಡುವುದಿಲ್ಲ.

“ನಾನು ಪಾಲಣ್ಣನ ಕಡೆಯೋನಲ್ಲ. ನೀನು ಯಾರನ್ನ ಬ್ಯಾಡ ಅಂದು ಬಂದ್ಯೋ... ಅವನು.”

ಅವಳು ಕಂಬ ಹಿಡಿದುಕೊಂಡಳು.

“ನಿನ್ನ ಕೇಳೇ ಇಲ್ಲ ಅಂತ ನೀನು ಹೋದ್ಮೇಲೆ ಗೊತ್ತಾತು. ನಾನೇ ಸಂಬಂಧ ಮುರಿದೆ. ತಪ್ಪಾತು ಅನ್ನೋಕೆ ನಿಮ್ಮವ್ವನ ಹತ್ರ ಹೋದ್ರೆ, ‘ಮಗಳಿಗೆ ಕಡಲ ಗಾಳಿ ಆಗಲ್ಲ, ಇದನ್ನ ಮುಟ್ಸು, ಇನ್ನು ಹೆದರಬ್ಯಾಡ ಅನ್ನು’ ಅಂತ ಈ ಕಂಬಳಿ ಕೊಟ್ಳು.”

ಕಂಬಳಿಯ ಮೂಲೆಯಲ್ಲಿ ಅವ್ವ ಯಾವಾಗಲೂ ಹಾಕುವ ಕೆಂಪು ದಾರದ ಹೊಲಿಗೆ ಕಂಡಿತು. ಆದರೂ ಅವಳ ಅನುಮಾನ ಕರಗಲಿಲ್ಲ.

“ಬಂದ ದಿನವೇ ಯಾಕೆ ಹೇಳಲಿಲ್ಲ?”

“ಹೇಳಿದ್ರೆ... ಕಂಬಳಿ ಕೊಟ್ಟು ವಾಪಸ್ ಹೋಗ್ಬೇಕಾಗಿತ್ತು. ಅದಕ್ಕೇ ಈ ಗಾರೆ ಕೆಲಸ ಹಿಡಿದು ಉಳ್ಕೊಂಡೆ.”

“ಫೋನ್ ಕೊಡು!”

ಈಗಷ್ಟೇ ಮಾತಾಡಿದ್ದ ನಂಬರನ್ನೇ ಒತ್ತಿದಳು. ಆ ಕಡೆಯಿಂದ ಬಂದದ್ದು ಅವ್ವನ ದನಿ!

“ಏನಪ್ಪಾ ಮುತ್ತು, ಕೊಟ್ಯೋ ಇಲ್ವೋ? ನೀನೇ ಹೊದ್ದು ಹಳೇದು ಮಾಡ್ತೀಯೇನು?”

“ಅವ್ವಾ...” ಅವಳು ಫೋನನ್ನು ಕಿವಿಗೊತ್ತಿಕೊಂಡಳು. “ಅಣ್ಣ?”

“ಗಂಡೇ ಒಲ್ಲೆ ಅಂದ್ಮೇಲೆ ಅವನೇನು ಎಳೀತಾನೆ? ಅವನ್ನ ನಾನು ನೋಡ್ಕಂತೀನಿ. ನೀನು ಹೊತ್ತಿಗೆ ಸರಿಯಾಗಿ ಉಣ್ಣು.”

ಅವಳು ಫೋನ್ ಹಿಂತಿರುಗಿಸಿದಳು. ಮುತ್ತುರಾಜ್ ಮೇಲೆದ್ದ.

“ಗೋಡೆ ಕೆಲಸ ಮುಗೀತು. ನಾಳೆ ಊರ ಬಸ್ಸು ಹತ್ತೀನಿ. ಕಂಬಳಿ ನಿಂದು, ತಗೋ.”

ಅವಳು ಸರಸರನೆ ಹೊರಗೆ ನಡೆದುಬಿಟ್ಟಳು. ಅವನು ನಿಟ್ಟುಸಿರುಬಿಟ್ಟು ಕಂಬಳಿ ಮಡಿಸಲು ಬಾಗಿದ.

“ಮಡಿಸಬ್ಯಾಡ!”

ಅವಳು ಮರಳಿ ಬಂದಿದ್ದಳು... ಬರಿಗಾಲಲ್ಲಿ. ಹೊರಗೆ ಅವನ ಚಪ್ಪಲಿಯ ಪಕ್ಕದಲ್ಲಿ ಅವಳದೂ ಇತ್ತು. ನೇರವಾಗಿ ಬಂದು ಕಂಬಳಿಯ ಮೇಲೆ ಕುಳಿತಳು.

“ನಂದೂ ಒಂದು ನಿಜ ಐತೆ. ನಾನು ಬ್ಯಾಡ ಅಂದಿದ್ದು, ನನ್ನ ಕೇಳದೇ ಗೊತ್ತು ಮಾಡಿದ ಗಂಡನ್ನ. ದಿನಾ ಈ ಗೋಡೆ ಮೇಲೆ ಕೂರೋನನ್ನ ಅಲ್ಲ.”

ಬಾಗಿದ್ದವನು ನೆಟ್ಟಗಾದ. “ಹಂಗಾದ್ರೆ... ನಾನು ಕೇಳ್ಲಾ?”

“ಕೇಳು. ಆದ್ರೆ ಕೂತು ಕೇಳು.”

ಅವನು ಕುಳಿತ. “ನನ್ನ ಮದುವೆ ಆಗ್ತೀಯಾ?”

“ಕೆಲಸ ಬಿಡಲ್ಲ ನಾನು.”

“ಬಿಡಬ್ಯಾಡ. ಈ ಕಡೆ ಬಿದ್ದ ಗೋಡೆಗಳು ಬೇಕಾದಷ್ಟವೆ.”

ಅವಳು ನಕ್ಕಳು. ಕಣ್ಣು ತುಂಬಿಕೊಂಡೇ ನಕ್ಕಳು.

“ಇಂಜೆಕ್ಷನ್‌ಗೆ ಹೆದರ್ತೀಯಲ್ಲ, ನಿನ್ನ ಕಟ್ಕೊಂಡು ಹೆಂಗೆ ಬಾಳೋದು?”

“ಅದು ಬಿಡು. ಆಗ್ತೀಯೋ ಇಲ್ವೋ?”

“ಕೇಳಿದ್ಯಲ್ಲ... ಅದಕ್ಕೇ, ಹೂಂ.”