ಹೊಳೆದಂಡೆಯ ಜರ್ದಾಳು ಗಿಡ

"ಯಾವ ಮುಖ ಇಟ್ಕೊಂಡು ಬಂದೆ?"

ಬುರುಲ್ ತಿರುಗಿಯೂ ನೋಡದೆ ಕೇಳಿದಳು. ಬಣ್ಣದ ಉಣ್ಣೆಯನ್ನು ಚಿತ್ತಾರವಾಗಿ ಹರಡಿ, ನೆನೆಸಿ, ಜೊಂಡಿನ ಚಾಪೆಯಲ್ಲಿ ಸುತ್ತಿದ ಸುರುಳಿಯನ್ನು ಅವಳೂ ಅನಾರ್ಕುಲ್ ಚಿಕ್ಕಮ್ಮನೂ ಅಂಗಳದ ತುಂಬ ಒದ್ದು ಒದ್ದು ಉರುಳಿಸುತ್ತಿದ್ದರು. ಎಳೆಗೆ ಎಳೆ ಕೂಡಿ ಕಂಬಳಿ ಗಟ್ಟಿಯಾಗಬೇಕಲ್ಲ! ಬೇಲಿಯ ಬಳಿ ತಿಲೆಕ್ ಕಂಡ ಮೇಲಂತೂ ಅವಳ ಒದೆತಕ್ಕೆ ಎಲ್ಲಿಲ್ಲದ ಬಲ ಬಂದಿತ್ತು.

"ಬುರುಲ್, ಒಂದೇ ಒಂದು ಮಾತು..."

"ಅಪ್ಪ ಸತ್ತ ದಿನ ಆಡ್ಬೇಕಿತ್ತು ಆ ಮಾತು!"

ಆ ದಿನ... ಯೇಸುವನ್ನು ನಂಬಿದವನೆಂದು ಅವಳ ಅಪ್ಪ ಮುಕಾಷ್‌ಗೆ ಊರ ಮುಸಲ್ಮಾನರ ಸ್ಮಶಾನದಲ್ಲಿ ಆರಡಿ ಮೂರಡಿ ನೆಲ ಸಿಗಲಿಲ್ಲ. ಹೆಣ ಮನೆಯಲ್ಲಿರುವಾಗಲೇ ತಿಲೆಕ್‌ನ ತಾಯಿ ಬಂದು, ನಿಶ್ಚಿತಾರ್ಥಕ್ಕೆ ತಾನೇ ತೊಡಿಸಿದ್ದ ಓಲೆಗಳನ್ನು ಬುರುಲ್‌ಳ ಕಿವಿಯಿಂದ ಬಿಚ್ಚಿಕೊಂಡು ಹೋದಳು. ಹುಡುಗಿ ಬಾಗಿಲನ್ನೇ ನೋಡುತ್ತ ಕೂತಳು. ತಿಲೆಕ್ ಬರಲೇ ಇಲ್ಲ. ಕೊನೆಗೆ ಯಾರೋ ಪುಣ್ಯಾತ್ಮರು ಹೊಳೆದಂಡೆಯಲ್ಲಿ ಜಾಗ ಕೊಟ್ಟರಂತೆ. ಯಾರೆಂದು ಚಿಕ್ಕಮ್ಮ ಬಾಯಿ ಬಿಡಲಿಲ್ಲ.

ಅಂದಿನಿಂದ ಬುರುಲ್ ಕೈ ಮುಗಿಯುತ್ತಾಳೆ, ಪ್ರಾರ್ಥನೆ ಬರುವುದಿಲ್ಲ. ಕಂಬಳಿ ಉರುಳಿಸುವಾಗ ಅಪ್ಪ ಹೇಳುತ್ತಿದ್ದ, "ನಮಗೆ ಕಾಣೋದು ಒದೆತ ಮಾತ್ರ ಮಗಳೇ. ಒಳಗಿನ ಚಿತ್ತಾರ ದೇವರಿಗೆ ಕಾಣುತ್ತೆ. ನಂಬು."

*ಹೇಗೆ ನಂಬಲಿ ಅಪ್ಪಾ? ನನ್ನ ಎದೆಯೇ ಒಡೆದುಹೋಗಿದೆಯಲ್ಲ...*

ತಿಲೆಕ್ ಮೆಲ್ಲಗೆ ಕೇಳಿದ. "ಗೋರಿ ಪಕ್ಕದ ಜರ್ದಾಳು ಗಿಡ... ಈ ಸಲ ಹೂ ಬಿಡ್ತಾ?"

"ಆ ಗಿಡದ ಸುದ್ದಿ ನಿನಗ್ಯಾಕೆ?"

"ನಾನೇ ನೆಟ್ಟಿದ್ದು. ಮನೆ ಕಟ್ಟೋ ಜಾಗ ಮದುವೆ ದಿನ ತೋರಿಸ್ತೀನಿ ಅಂದಿದ್ನಲ್ಲ... ಅದೇ ಅದು."

ಅವಳ ಕಾಲು ನಿಂತಿತು. ಅಯ್ಯೋ! ಆ ಗಿಡವನ್ನೇ ತಬ್ಬಿಕೊಂಡು ಇವನಿಗೆ ಎಷ್ಟು ಶಾಪ ಹಾಕಿದ್ದಳು!

"ಗುಂಡಿ ತೋಡಿದ್ದೂ ಇವನೇ ಕಣೇ," ಚಿಕ್ಕಮ್ಮ ಕಣ್ಣೊರೆಸಿಕೊಂಡಳು. "ಹೇಳಬೇಡಿ ಅಂತ ನನ್ನ ಹತ್ರ ಆಣೆ ಮಾಡಿಸ್ಕೊಂಡಿದ್ದ."

"ನಾನು ಗುಟ್ಟಾಗಿ ಕೊಂಡ ನೆಲ ಅದು. ನಮ್ಮಪ್ಪನಿಗೆ ತಿಳಿದ್ರೆ ಗೋರಿ ಅಗೆಸಿಬಿಡ್ತಾನೆ ಅಂತ ಭಯ. ನಿನ್ನೆ ಅವನಿಗೆ ತಿಳೀತು. ಕಾಲು ಹಿಡ್ಕೊಂಡೆ... ಗೋರಿ ಮುಟ್ಟಲ್ಲ ಅಂದ. ನನ್ನ ಹೊರಗೆ ಹಾಕ್ದ."

"ನನಗಾದ್ರೂ ಹೇಳಬಾರದಿತ್ತೇನೋ ಪಾಪಿ? ಬದುಕಿದ್ದೇ ಸತ್ತೆನಲ್ಲೋ!"

"ಹೇಳಿದ್ರೆ ನೀನು ಅಳು ನಿಲ್ಲಿಸ್ತಿದ್ದೆ. ಊರಿಗೆ ಅನುಮಾನ ಬರ್ತಿತ್ತು."

ಬುರುಲ್ ಅಲ್ಲೇ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ಆ ಅಳುವಿನ ನಡುವೆಯೇ ಇಷ್ಟು ದಿನ ಬಾರದ ಮಾತು ತಾನಾಗಿ ಬಂತು. *ದೇವರೇ... ನನಗೆ ಕಾಣದಿದ್ದಾಗಲೂ ನೀನು ನೋಡ್ತಾನೇ ಇದ್ದೆಯಾ?*

"ನಿನ್ನ ಯೇಸು ನನಗಿನ್ನೂ ಗೊತ್ತಿಲ್ಲ, ಬುರುಲ್," ತಿಲೆಕ್ ಬೇಲಿ ದಾಟಿ ಅವಳ ಬಳಿ ಬಂದ. "ನೀನು ಗೊತ್ತು. ನೀನಿಲ್ಲದೆ ನನ್ನ ಕೈಲಿ ಆಗಲ್ಲ. ಆದ್ರೆ ಈಗ ಓಲೆ ಇಲ್ಲ, ಮನೆಯವರಿಲ್ಲ, ಮನೆ ಕಟ್ಟೋಕೆ ಜಾಗ..."

"ಹೊಳೆದಂಡೆ ಇದೆಯಲ್ಲ."

"ಅಲ್ಲಿ ನಿಮ್ಮಪ್ಪ ಇದಾರೆ..."

ಅವಳು ಅವನ ಕೈ ಹಿಡಿದು ಎದ್ದಳು.

"ಒಬ್ಬನೇ ಇದಾನೆ, ಪಾಪ. ಪಕ್ಕದಲ್ಲೇ ಕಟ್ಟೋಣ."