ದುಭಾಷಿ ಹೇಳಿದ ದೂರ

"ಡಾಕ್ಟರು ಹೇಳಿದ್ದನ್ನಷ್ಟೇ ಹೇಳಿ. ಉಪ್ಪು ಖಾರ ಹಚ್ಚಬೇಡಿ!"

ಮೊದಲ ಭೇಟಿಯಲ್ಲೇ ಆ ಮರಗೆಲಸದವನು ದುಭಾಷಿಯನ್ನು ಗದರಿದ.

ಕಣ್ಣಾಸ್ಪತ್ರೆಯ ಪುಟ್ಟ ಕೋಣೆ. ಪರದೆಯ ಮೇಲೆ ಪರದೇಶದ ತಜ್ಞ ವೈದ್ಯೆ. ಅವರ ಇಂಗ್ಲಿಷನ್ನು ಕನ್ನಡಕ್ಕೆ, ರೋಗಿಯ ಕನ್ನಡವನ್ನು ಇಂಗ್ಲಿಷಿಗೆ ತರುವುದು ದುಭಾಷಿಯಾದ ಅವಳ ಕೆಲಸ. ವೈದ್ಯೆ 'ನಾನು' ಎಂದರೆ ಅವಳೂ 'ನಾನು' ಎನ್ನಬೇಕು. ರೋಗಿ 'ನಾನು' ಎಂದರೂ ಹಾಗೆಯೇ. ತನ್ನದೆಂಬ ಒಂದು ಮಾತನ್ನೂ ಸೇರಿಸುವಂತಿಲ್ಲ. ಅದು ಆ ಕೆಲಸದ ಧರ್ಮ.

ಮರದ ಹಳೆ ಬಣ್ಣ ಸುಲಿಯುವ ದ್ರಾವಣ ಸಿಡಿದು ಅವನ ಎರಡೂ ಕಣ್ಣು ಹೋಗಿದ್ದವು. ದೃಷ್ಟಿ ಮರಳೀತೇ?

"ಹೈಲಿ ಅನ್‌ಲೈಕ್ಲಿ," ಎಂದರು ವೈದ್ಯೆ.

ಆಗುವ ಹಾಗೆ ಕಾಣುವುದಿಲ್ಲ... ಅಷ್ಟೇ ಅದರ ಅರ್ಥ. ಆದರೆ ಅವನ ಬೆರಳುಗಳು ಮೇಜಿನ ಅಂಚನ್ನು ಸವರುತ್ತ, ಎಲ್ಲಿ ಒರಟಾಗಿದೆಯೆಂದು ಹುಡುಕುತ್ತಿದ್ದವು.

'ಇವರು ರಿಮೋಟ್, ದೂರದ ಸಾಧ್ಯತೆ, ಎಂದಿದ್ದರೆ? ದೂರವಾದರೂ ಒಂದು ದಾರಿ ಇರುತ್ತಿತ್ತು. ದೇವರೇ, ಕ್ಷಮಿಸು...'

"ದೂರದಲ್ಲೆಲ್ಲೋ ಒಂದು ಆಸೆ ಇದೆ," ಎಂದುಬಿಟ್ಟಳು.

ಅವನು ನಕ್ಕ. "ದೂರ ತಾನೇ? ನಡೆದರಾಯ್ತು!"

ಆಮೇಲಿನ ತಪಾಸಣೆಗಳಿಗೆಲ್ಲ ಅವನು ಅವಳೇ ದುಭಾಷಿಯಾಗಬೇಕೆಂದು ಕೇಳಿ ಬಂದ. ಹೊರಗಿನ ಬೆಂಚಿನಲ್ಲಿ ಕಾಯುವಾಗ ಮಾತು ಬೆಳೆಯಿತು, ಮಾತಿನೊಳಗೆ ಮನಸ್ಸೂ.

"ಕಣ್ಣು ಬಂದ ದಿನ ಮೊದಲು ನಿಮ್ಮ ಮುಖ ನೋಡ್ಬೇಕು. ಅವತ್ತು ಒಂದು ಮಾತು ಕೇಳ್ತೀನಿ," ಎಂದ ಒಮ್ಮೆ.

ಅವಳಿಗೆ ಮಾತ್ರ ಗೊತ್ತಿತ್ತು. ಆ ದಿನ ಬರುವುದಿಲ್ಲವಲ್ಲ!

ಪಕ್ಕದಲ್ಲಿದ್ದ ಅವನ ಅಕ್ಕ ಗೊಣಗಿದಳು. "ಅಂಧರ ಶಾಲೆಗೆ ಸೇರೋ ಅಂದ್ರೆ, ಕಣ್ಣು ಬರೋನಿಗೆ ಅದ್ಯಾಕೆ ಅಂತಾನೆ. ಉಳಿಗಳಿಗೆ ಎಣ್ಣೆ ಹಚ್ಚಿಟ್ಕೊಂಡು ಕಾಯ್ತಾ ಕೂತಿದಾನಮ್ಮಾ."

ಆ ಮಾತು ಅವಳ ಎದೆಗೆ ಉಳಿಯಂತೆಯೇ ಇಳಿಯಿತು. ತಾನು ಕೊಟ್ಟದ್ದು ಆಸೆಯಲ್ಲ, ಸೆರೆ! ಅಲ್ಲೇ ಎಲ್ಲವನ್ನೂ ಹೇಳಿ ಅತ್ತಳು.

ಬೆಂಚಿನ ಅಂಚು ಸವರುತ್ತಿದ್ದ ಕೈಯನ್ನು ಅವನು ಹಿಂದಕ್ಕೆಳೆದುಕೊಂಡ.

"ನನ್ನ ಕತ್ತಲೆ ಮೇಲೆ ನೀವೂ ಪಾಲಿಶ್ ಹೊಡೆದ್ರಾ?" ಎಂದು ಎದ್ದು, ಅಕ್ಕನ ಹೆಗಲು ಹಿಡಿದು ಹೊರಟುಹೋದ.

ಅವನಿಲ್ಲದ ವಾರಗಳು ಉರುಳಿದವು. ಅವಳು ಪ್ರಾರ್ಥಿಸಿದಳು, ಏನನ್ನು ಬೇಡಬೇಕೆಂದೇ ತಿಳಿಯಲಿಲ್ಲ.

ಕೊನೆಯ ತಪಾಸಣೆಗೆ ಅವನು ಅಕ್ಕನೊಂದಿಗೆ ಬಂದ. ಈಗಲೂ ದುಭಾಷಿಯಾಗಿ ಅವಳೇ ಬೇಕೆಂದ!

ವೈದ್ಯೆ ನುಡಿದರು. ಅವಳು ಒಂದಕ್ಷರವನ್ನೂ ಮೆದುಗೊಳಿಸದೆ ಹೇಳಿದಳು. "ನಿಮಗೆ ಕಣ್ಣು ಬರುವುದಿಲ್ಲ. ನಾನು ಮಾಡುವಂಥದ್ದು ಇನ್ನೇನೂ ಉಳಿದಿಲ್ಲ."

ಅವನು ತಲೆ ತಗ್ಗಿಸಿದ.

"ನಿಮ್ಮ ಆ ಸುಳ್ಳು ಇಲ್ದಿದ್ರೆ ಮೊದಲ ವಾರವೇ ನಾನು ಬದುಕಿರ್ತಿರ್ಲಿಲ್ಲ," ಎಂದ ಮೆಲ್ಲಗೆ. "ಆದ್ರೆ ಇನ್ನು ಬೇಡ." ಆಮೇಲೆ ಪರದೆಯತ್ತ ತಿರುಗಿದ. "ಡಾಕ್ಟರೇ, ಇಲ್ಲಿ ಕೂತಿರೋ ದುಭಾಷಿನ ನಾನು ಪ್ರೀತಿಸ್ತೀನಿ. ಅವರ ಮುಖ ಯಾವತ್ತೂ ನೋಡಲಾರೆ. ಆದ್ರೂ ಜೊತೆಗಿರ್ತಾರಾ?"

ಅವಳು ಬೆಚ್ಚಿದಳು.

"ಹೇಳಿ... ಉಪ್ಪು ಖಾರ ಇಲ್ದೆ."

ಧರ್ಮ ಧರ್ಮವೇ. 'ನಾನು ಪ್ರೀತಿಸುತ್ತೇನೆ' ಎಂದು ಅವನ ಮಾತನ್ನು ಇಂಗ್ಲಿಷಿನಲ್ಲಿ ಹೇಳುವಾಗ ಕಣ್ಣೀರು ಧಾರೆಯಾಯಿತು. ವೈದ್ಯೆ ಏನೂ ಹೇಳದೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಏನಂದ್ರು?" ಎಂದ ಅವನು.

"ನಾನೂ ಪ್ರೀತಿಸ್ತೀನಿ..."

"ಯಾರು, ಡಾಕ್ಟರಾ?" ಅಕ್ಕ ಗಾಬರಿಯಾದಳು.

"ಅಲ್ಲ ಅಕ್ಕಾ," ಎಂದು ಅವಳು ಅವನ ಒರಟು ಕೈಯನ್ನು ಎತ್ತಿ ತನ್ನ ಒದ್ದೆ ಕೆನ್ನೆಗೆ ಇಟ್ಟುಕೊಂಡಳು. "ಈ ಸಲ 'ನಾನು' ಅಂದಿದ್ದು ನಾನೇ."

ಅವನ ಬೆರಳುಗಳು ನಿಧಾನವಾಗಿ ಅವಳ ಮುಖವನ್ನು ಓದತೊಡಗಿದವು.