ಸಪ್ನಾಳ ಪಾಲಿಗೆ ಬರೀ ‘ಬಾ’

“ಸಪ್ನಾ, ನೀ ಬರೇ ಬಾಯಿ ಆಡಸು. ದನಿ ತೆಗೀಬ್ಯಾಡ,” ಎಂದರು ಮಹಾನಂದಾ ಟೀಚರ್.

“ಯಾಕ್ರಿ ಟೀಚರ್?”

“ಎಲ್ಲಾರದೂ ಸಣ್ಣ ದನಿ. ನಿಂದೊಂದ ದಪ್ಪ. ಬ್ಯಾರೆನ ಕೇಳತೈತಿ.”

“ಟ್ರ್ಯಾಕ್ಟರ್ ಕೇಳಿದಂಗ ಕೇಳತೈತ್ರಿ!” ಎಂದ ನಿಂಗರಾಜ.

“ನಿಂದು ಪೀಪಿ. ಸುಮ್ನಿರು,” ಎಂದಳು ಸಪ್ನಾ. ಶುಕ್ರವಾರ ಬೈಲಹೊಂಗಲದಲ್ಲಿ ಸಮೂಹಗಾನ ಸ್ಪರ್ಧೆ. ಅಲ್ಲಿಗೆ ಹೋಗಿ ಮೀನಿನ ಹಾಗೆ ಬಾಯಿ ಬಿಡಬೇಕೆ?

ಮನೆಯಲ್ಲಿ ಹೀಗಿರಲಿಲ್ಲ. ಆಯಿ, ಅಂದರೆ ಅಜ್ಜಿ ತಾಯವ್ವನದು ಗೀಗೀ ಪದ ಹಾಡುವ ಮೇಳ. ಆಯಿ ಸಾಲು ಹಾಡಿ ಮುಗಿಸುವಷ್ಟರಲ್ಲಿ ಹಿಮ್ಮೇಳದವರು ಕೊನೆಯ ಮಾತನ್ನು ಹಿಡಿದು ಉದ್ದಕ್ಕೆ ಜಗ್ಗಬೇಕು. ಆಯಿ ಉಸಿರು ತೆಗೆದುಕೊಳ್ಳುವವರೆಗೂ ಬಿಡುವಂತಿಲ್ಲ. ಸಪ್ನಾ ಚಿಕ್ಕಂದಿನಿಂದ ಜಗ್ಗುತ್ತಿದ್ದಳು. ದನಿ ದಪ್ಪವೆಂದು ಅಲ್ಲಿ ಯಾರೂ ಅಂದಿರಲಿಲ್ಲ.

ಮರುದಿನ ಪ್ರಾಕ್ಟೀಸ್. ಮಳೆಯನ್ನು ಕರೆಯುವ ಹಾಡು. ಪ್ರತಿ ಸಾಲಿನ ಕೊನೆಗೂ ‘ಬಾ’. ಸಪ್ನಾ ಸುಮ್ಮನೆ ತುಟಿ ಆಡಿಸಿದಳು. ಎಲ್ಲರೂ ‘ಬಾ’ ಎಂದು ಉಸಿರೆಳೆದರು. ಸಪ್ನಾಳ ಬಾಯಿ ತಾನಾಗಿಯೇ ತೆರೆಯಿತು.

“ಬಾಆಆಆ...”

“ಸ್ಟಾರ್ಟ್ ಆತು!” ನಿಂಗರಾಜ ಹೊಟ್ಟೆ ಹಿಡಿದುಕೊಂಡು ನಕ್ಕ.

“ತಪ್ಪಾತ್ರಿ ಟೀಚರ್. ಮನ್ಯಾಗ ರೂಢಿ ಐತ್ರಿ. ಹಾಡಾವ್ರು ಉಸಿರು ತಗೊಂಡ್ರ ನಾವು ಜಗ್ಗತೇವ್ರಿ.”

ಟೀಚರ್ ನಗಲಿಲ್ಲ, ಬೈಯಲೂ ಇಲ್ಲ. “ಸಪ್ನಾನ್ನ ಬಿಟ್ಟು ಇನ್ನೊಮ್ಮೆ ಹಾಡ್ರಿ,” ಎಂದರು.

ಹಾಡಿದರು. ಪ್ರತಿ ‘ಬಾ’ ಆದಮೇಲೆ ಹಾಡು ಕುಂಟಿತು. ಆ ಸಂದಿನಲ್ಲಿ ಹೊರಗೆ ಹೋಗುತ್ತಿದ್ದ ಬೈಕಿನ ಸದ್ದೂ ಕೇಳಿಸಿತು.

“ಈಗ ಸಪ್ನಾ ಜಗ್ಗಲಿ.”

ಜಗ್ಗಿದಳು. ದಪ್ಪ ದನಿ ಕೆಳಗೆ ಚಾಪೆಯಂತೆ ಹಾಸಿಕೊಂಡಿತು. ಮುಂದಿನ ಸಾಲು ಅದರ ಮೇಲೆಯೇ ಎದ್ದು ನಡೆಯಿತು. ಬೈಕು ಕೇಳಿಸಲಿಲ್ಲ.

“ಹಿಂಗ ಇರಲಿ,” ಎಂದರು ಟೀಚರ್.

“ಸಾಲೂ ಹಾಡ್ಲೇನ್ರಿ?”

“ಬ್ಯಾಡ. ‘ಬಾ’ ಅಷ್ಟ.”

ಸಪ್ನಾಳ ಮುಖ ಸಪ್ಪಗಾಯಿತು. ನಿಂಗರಾಜ ಪಿಸುಗುಟ್ಟಿದ: “ಗೆದ್ರ ಎಲ್ಲಾರಿಗೂ ಪೆನ್ ಕೊಡತಾರ. ನಿಂಗ ಅದರ ಕ್ಯಾಪ್ ಅಷ್ಟ!”

ಎರಡನೆಯ ನುಡಿಯನ್ನು ನಿಂಗರಾಜ ಒಬ್ಬನೇ ಹಾಡಬೇಕಿತ್ತು. ಜೋರಾಗಿಯೇ ಶುರು ಮಾಡಿದ. ನಕ್ಕು ನಕ್ಕು ಸುಸ್ತಾಗಿದ್ದವನ ಉಸಿರು ‘ಬಾ’ ಬರುವ ಮೊದಲೇ ಖಾಲಿಯಾಯಿತು. ಕಣ್ಣು ಕಣ್ಣು ಬಿಡುತ್ತ ಸಪ್ನಾಳ ಕಡೆ ತಿರುಗಿದ.

ಸಪ್ನಾಳಿಗೆ ಕ್ಯಾಪ್ ನೆನಪಾಯಿತು. ಸುಮ್ಮನಿದ್ದುಬಿಡಬಹುದಿತ್ತು.

“ಬಾಆಆಆ...”

ನಿಂಗರಾಜ ಎದೆ ತುಂಬ ಉಸಿರು ತೆಗೆದುಕೊಂಡ. ಅವನು ಮುಂದಿನ ಸಾಲು ಹಿಡಿಯುವವರೆಗೂ ಅವಳು ಬಿಡಲಿಲ್ಲ.